ಮೂಲೆಗಳ ಕಪ್ಪು ಹೋದದ್ದು ಹೀಗೆ

ನನ್ನ ಪುಟ್ಟ ಡಿಜಿಟಲ್ ಕ್ಯಾಮೆರಾದ ಜೂಮ್ ಲೆನ್ಸ್ ಅತಿ ಅಗಲವೆಂದರೂ 35 ಮಿ.ಮೀ.ಗೆ ಸಮನಾದ ನೋಟವನ್ನಷ್ಟೇ ಕೊಡುತ್ತದೆ (ಈ ಅಂಕಿ ಕಡಿಮೆಯಾದಷ್ಟೂ ನೋಟ ಅಗಲ). ಸಣ್ಣ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗುವವರೆಗೆ ಹಿಂದೆ ಸರಿದರೂ ಎಲ್ಲರೂ ಚೌಕಟ್ಟಿನೊಳಗೆ ಬರುತ್ತಿರಲಿಲ್ಲ. ಅದಕ್ಕೆಂದೇ 0.7 ಎಕ್ಸ್ ವೈಡ್ ಆ್ಯಂಗಲ್ ಕನ್ವರ್ಟರ್ ಒಂದನ್ನು ತಂದೆ; ಲೆನ್ಸಿನ ಮುಂದೆ ಅಡಾಪ್ಟರ್ ಕೊಳವೆಯ ಮೂಲಕ ಜೋಡಿಸಿ ನೋಟವನ್ನು ಅಗಲಿಸುವ ಹೆಚ್ಚುವರಿ ಲೆನ್ಸ್ ಅದು. ಲೆಕ್ಕದ ಪ್ರಕಾರ ನೋಟ ಸುಮಾರು 24 ಮಿ.ಮೀ.ನಷ್ಟು ಅಗಲವಾಗಬೇಕು. ಆಯಿತು ನಿಜ, ಆದರೆ ನಾಲ್ಕೂ ಮೂಲೆಗಳಲ್ಲಿ ಮಸಿ ಬಳಿದಂತೆ ಕಪ್ಪು. ಕೊಳವೆಯೊಳಗಿಂದ ಇಣುಕಿದ ಹಾಗಿತ್ತು ಚಿತ್ರ.

ಎರಡು ದಿನ ಕನ್ವರ್ಟರನ್ನೇ ಬೈದುಕೊಂಡೆ. ಕೊನೆಗೆ ಬಿಚ್ಚಿ ನೋಡಿದರೆ, ಧೂಳು ತಡೆಯಲೆಂದು ನಾನೇ ಹಾಕಿದ್ದ ಯುವಿ ಫಿಲ್ಟರ್ (ಬಳೆಯೊಳಗೆ ಕೂರಿಸಿದ ಗಾಜು) ಅಡಾಪ್ಟರ್ ಕೊಳವೆಗೂ ಕನ್ವರ್ಟರಿಗೂ ನಡುವೆ ಕುಳಿತಿತ್ತು! ಅದರ ಬಳೆಯ ದಪ್ಪದಷ್ಟು ಕನ್ವರ್ಟರ್ ಮುಂದೆ ಸರಿದು, ಅದರ ಅಂಚು ಚಿತ್ರದೊಳಗೆ ಬೀಳುತ್ತಿತ್ತು. ಫಿಲ್ಟರ್ ತೆಗೆದೆ, ಕಪ್ಪು ಬಹುಪಾಲು ಹೋಯಿತು. ಉಳಿದ ಚೂರು, ಜೂಮ್ ಗುಂಡಿಯನ್ನು ಒಮ್ಮೆ ಒತ್ತಿದ್ದಕ್ಕೆ ಮಾಯವಾಯಿತು.

ಅಂಚಿನ ಮಸುಕು ಕಡಿಮೆಯಾಗಲೆಂದು ಲೆನ್ಸಿನ ಬೆಳಕಿನ ಕಿಂಡಿಯಾದ ಅಪರ್ಚರನ್ನು ಎಫ್/5.6ಕ್ಕೆ ಕಿರಿದುಗೊಳಿಸಿದೆ. ತೀರಾ ಮೂಲೆಯಲ್ಲಿ ಇನ್ನೂ ಸ್ವಲ್ಪ ಮಂಜು ಮಂಜು; ಇರಲಿ, ಅಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ. ಫ್ಲ್ಯಾಶ್ ಮಾತ್ರ ಬಳಸುವಂತಿಲ್ಲ. ಕನ್ವರ್ಟರಿನ ದಪ್ಪ ಮೂತಿ ಅಡ್ಡ ಬಂದು ಚಿತ್ರದ ಕೆಳಗೆ ಅರ್ಧಚಂದ್ರದಂತಹ ನೆರಳು ಬೀಳುತ್ತದೆ. ಈಗ ಕಿಟಕಿ ತೆರೆದಿಟ್ಟು, ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ಐಎಸ್‌ಒ 400ಕ್ಕೆ ಏರಿಸಿ ತೆಗೆಯುತ್ತಿದ್ದೇನೆ.