ಬೋಯಿಕೇರಿ ಏರಿಗೆ 250 ವ್ಯಾಟ್ ಸಾಕು

ಸಾದಾ ಸೈಕಲ್ಲಿಗೆ ಬ್ಯಾಟರಿ ಮೋಟಾರಿನ ಕಿಟ್ ಕೂರಿಸೋಕೆ ಹೊರಟಾಗ, ಕೊಡಗಿನ ಏರಿಗೆ 250 ವ್ಯಾಟ್ ಮೋಟಾರು ಆಗೋದಿಲ್ಲ ಅಂತ ಹೇಳದವರಿಲ್ಲ. ಸೈಕಲ್ ಅಂಗಡಿಯವರು ಹೇಳಿದರು, ಕಿಟ್ ಮಾರಿದವರೇ ಹೇಳಿದರು, ಮೈಸೂರಲ್ಲಿ ಇದೇ ಕೆಲಸ ಮಾಡೋ ಗೆಳೆಯರು 750 ವ್ಯಾಟ್ ಹಾಕು, ಇಲ್ಲಾಂದ್ರೆ ತಳ್ಕೊಂಡೇ ಹೋಗ್ತೀಯ ಅಂದರು. ಈಗ ಎರಡು ಮಳೆಗಾಲ ಕಳೆದು ಹೆಚ್ಚುಕಡಿಮೆ ನಾಲ್ಕು ಸಾವಿರ ಕಿ.ಮೀ. ಓಡಿದೆ. ಕುಶಾಲನಗರದಿಂದ ಮಡಿಕೇರಿಗೆ ಒಂದೂಮುಕ್ಕಾಲು ಗಂಟೆ, ಇಳಿದು ತಳ್ಳಿದ್ದು ಒಂದೂ ಸಲ ಇಲ್ಲ. ಹೀಗಾಗಿ ಬರೀತಿದ್ದೇನೆ. ಕಿಟ್ಟಿನ ಜೊತೆ ಬರೋ ಹಾಳೆಯಲ್ಲಿ ಇರೋದನ್ನೆಲ್ಲ ಮತ್ತೆ ಬರೆಯಲ್ಲ, ವೈರಿನ ಬಣ್ಣ ನೋಡಿ ಜೋಡಿಸೋದು ಎಲ್ಲರಿಗೂ ಗೊತ್ತು.

ಮೊದಲು ಮಾಡಿದ ತಪ್ಪು ಮೋಟಾರಿನ ಆಯ್ಕೆ. ಹಿಂದಿನ ಚಕ್ರದ ನಡುವೆ ಕೂರುವ, ಒಳಗೆ ಗೇರ್ ಇರೋ ಹಬ್ ಮೋಟಾರು, 36 ವೋಲ್ಟ್, 250 ವ್ಯಾಟ್; ಇಲ್ಲೀವರೆಗೆ ಸರಿ. ಆದರೆ ಅದೇ ಮೋಟಾರು ಬೇರೆಬೇರೆ ಸುತ್ತಿನಲ್ಲಿ ಸಿಗುತ್ತೆ ಅನ್ನೋದನ್ನ ಯಾರೂ ಹೇಳಲ್ಲ. ನನಗೆ ಮೊದಲು ಬಂದದ್ದು 328 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ಅದು 20 ಇಂಚಿನ ಮಡಚುವ ಸೈಕಲ್ಲಿಗೆ ಮಾಡಿದ್ದು. 26 ಇಂಚಿನ ಚಕ್ರಕ್ಕೆ ಹಾಕಿ ಎತ್ತಿ ತಿರುಗಿಸಿದರೆ 40 ಕಿ.ಮೀ. ತೋರಿಸ್ತು, ಖುಷಿಯಾಯ್ತು. ಸುಂಟಿಕೊಪ್ಪ ದಾಟಿ ಏರು ಶುರುವಾದ ಮೇಲೆ ಖುಷಿ ಇಳೀತು: ಎಂಟು ಕಿ.ಮೀ. ವೇಗ, ಮೋಟಾರಿಗೆ ಕರೆಂಟ್ ಹದವಾಗಿ ಬಿಡೋ ಕಂಟ್ರೋಲರ್ ಮುಟ್ಟೋಕಾಗದ ಬಿಸಿ. ಎರಡನೇ ಸಲ 201 ಆರ್‌ಪಿಎಂ ತರಿಸಿದೆ. 26 ಇಂಚಿಗೆ ಅದರ ಖಾಲಿ ಓಟ ಸರಿಯಾಗಿ 25 ಕಿ.ಮೀ. ಅದೇ ಕಂಟ್ರೋಲರ್, ಅದು ಕೊಡೋ ಕರೆಂಟೂ ಅಷ್ಟೇ, ಎಳೆತ ಮಾತ್ರ ಒಂದೂವರೆ ಪಟ್ಟು. ಒಂದು ಮಾತು: ಇದರಿಂದ ಮೋಟಾರು ತಣ್ಣಗಾಗುತ್ತೆ ಅಂತ ತಿಳೀಬೇಡಿ. ಒಳಗಿನ ತಾಮ್ರ ಅಷ್ಟೇ, ಅದೇ ಎಳೆತಕ್ಕೆ ಅದೇ ಬಿಸಿ. ಬಿಸಿಯಿಂದ ಉಳಿಯೋದು ಕಂಟ್ರೋಲರ್ ಮತ್ತು ಅಲ್ಲಿಂದ ಮೋಟಾರಿಗೆ ಹೋಗೋ ಫೇಸ್ ವೈರು. ಮೋಟಾರು ಉಳೀಬೇಕಾದರೆ ಅದನ್ನ ಒಂಬತ್ತು ಹತ್ತು ಕಿ.ಮೀ.ಗಿಂತ ಕೆಳಗೆ ಇಳಿಯೋಕೆ ಬಿಡಬಾರದು, ಅಷ್ಟೇ.

ಅದಕ್ಕೆ ಕಾಲು ಬೇಕು. ಎಲ್ಲರೂ ಎಡವೋದು ಇಲ್ಲೇ. ಸಿಂಗಲ್ ಸ್ಪೀಡ್ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18. ಏರಿನಲ್ಲಿ ಹತ್ತು ಕಿ.ಮೀ.ಗೆ ಬಂದರೆ ಪೆಡಲ್ಲು ನಿಮಿಷಕ್ಕೆ 33 ಸುತ್ತು. ಆ ನಿಧಾನದಲ್ಲಿ ಮೊಣಕಾಲು ನೋಯುತ್ತೆ ಹೊರತು ಶಕ್ತಿ ಹುಟ್ಟಲ್ಲ, ಎಲ್ಲ ಭಾರ ಮೋಟಾರಿನ ಮೇಲೆ. ನಾನು ಮುಂದೆ 34 ಹಲ್ಲಿನ ಚೈನ್‌ಸೆಟ್, ಹಿಂದೆ 14ರಿಂದ 28ರ ಏಳು ಗೇರಿನ ಫ್ರೀವೀಲ್ ಹಾಕಿದೆ. ಈಗ ಅದೇ ವೇಗದಲ್ಲಿ ಕಾಲು 66 ಸುತ್ತು ಆರಾಮಾಗಿ ತಿರುಗುತ್ತೆ, 80-90 ವ್ಯಾಟ್ ಕಾಲಿಂದಲೇ ಬರುತ್ತೆ. ವ್ಯಾಟ್ ಮೀಟರಿನಲ್ಲಿ ನೋಡಿದ್ದು: ಸುಂಟಿಕೊಪ್ಪಕ್ಕೂ ಮಡಿಕೇರಿಗೂ ನಡುವಿನ ಬೋಯಿಕೇರಿ ಏರಿನಲ್ಲಿ ತುಳೀತಾ ಇದ್ದರೆ 6-7 ಆಂಪಿಯರ್, ಕಾಲು ನಿಲ್ಲಿಸಿದ ಕೂಡಲೇ 11. ಮೂರು ಸಾವಿರ ರೂಪಾಯಿಯ ಗೇರು ಮೋಟಾರಿನ ಅರ್ಧದ ಹತ್ತಿರ ಕೆಲಸ ಮಾಡುತ್ತೆ. 750 ವ್ಯಾಟ್ ಹಾಕು ಅಂದವರು ಗೇರಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಿಯಮದ ಮಿತಿಯೂ 250 ವ್ಯಾಟ್, 25 ಕಿ.ಮೀ.ಯೇ, ದಾಟಿದರೆ ಅದು ಸೈಕಲ್ಲಲ್ಲ, ಮೋಟಾರು ವಾಹನ.

ಸೈಕಲ್ ಯಾವುದು ಅಂದರೆ ಉಕ್ಕಿನ ಫ್ರೇಮಿನ, 26 ಇಂಚಿನ, ವಿ-ಬ್ರೇಕ್ ಇರೋದು ಯಾವುದಾದರೂ ಆಗುತ್ತೆ. ಹಾಲಿನವರ 28 ಇಂಚಿನ ಕರಿ ಸೈಕಲ್ಲಿಗೂ ಒಮ್ಮೆ ಹಾಕಿ ನೋಡಿದ್ದೆ. ಏರೋದು ಏರ್ತು, ಕಂಬಿ ಬ್ರೇಕು ಒದ್ದೆ ರಿಮ್ಮಿನ ಮೇಲೆ ಹಿಡಿಯೋದೇ ಇಲ್ಲ. ಬೇಡ. ಅಲ್ಯೂಮಿನಿಯಂ ಫ್ರೇಮ್ ಕೂಡ ಬೇಡ, ಯಾಕಂದರೆ ಮುಂದಿನ ಕೆಲಸ, ಅಂದರೆ ಫ್ರೇಮ್ ಹಿಗ್ಗಿಸೋದು, ಅದರಲ್ಲಿ ಮಾಡೋಕಾಗಲ್ಲ.

ಮೋಟಾರಿನ ಆಕ್ಸಲ್‌ಗೆ 135 ಮಿ.ಮೀ. ಜಾಗ ಬೇಕು. ನನ್ನ ಫ್ರೇಮಿನ ಹಿಂದಿನ ಅಗಲ 120ರ ಹತ್ತಿರ ಇತ್ತು. ಕೈಯಲ್ಲಿ ಎಳೆದು ತುರುಕಿದರೆ ಕೂರುತ್ತೆ, ಆದರೆ ಆಕ್ಸಲ್ ಕೂರುವ ಎರಡು ಕಚ್ಚು, ಅಂದರೆ ಡ್ರಾಪ್‌ಔಟ್, ಒಂದಕ್ಕೊಂದು ಓರೆಯಾಗಿ ಆಕ್ಸಲ್ ಮೇಲೆ ಜಗ್ಗುತ್ತೆ. 10 ಎಂ.ಎಂ. ಥ್ರೆಡ್ ರಾಡ್ ಒಂದೂವರೆ ಅಡಿ ತಂದು, ಎರಡು ನಟ್ಟು, ಎರಡು ದಪ್ಪ ವಾಷರ್ ಒಳಗಿನಿಂದ ಹೊರಕ್ಕೆ ಒತ್ತುವಂತೆ ಹಾಕಿ, ಸ್ಪ್ಯಾನರಿನಲ್ಲಿ ನಟ್ಟನ್ನ ನಿಧಾನ ಹೊರಕ್ಕೆ ತಿರುಗಿಸುತ್ತಾ ಫ್ರೇಮ್ ಹಿಗ್ಗಿಸಿದೆ. ಉಕ್ಕು ಸ್ಪ್ರಿಂಗ್ ಥರ ವಾಪಸ್ ಬರುತ್ತೆ: 150ಕ್ಕೆ ಒಯ್ದು ಬಿಟ್ಟರೆ 121, 165ಕ್ಕೆ ಒಯ್ದರೆ 126. 180 ದಾಟಿಸಿದ ಮೇಲೆ 135ಕ್ಕೆ ನಿಂತಿತು. ಒಂದೇ ಸಲ ಹೋಗಬೇಡಿ, ಹತ್ತು ಹತ್ತು ಮಿ.ಮೀ. ಆಮೇಲೆ ದಾರ: ಒಂದು ಡ್ರಾಪ್‌ಔಟಿಗೆ ಕಟ್ಟಿ, ಮುಂದೆ ಹ್ಯಾಂಡಲ್ ಕೂರುವ ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದಕ್ಕೆ ಬಿಗಿದು, ಸೀಟ್ ಟ್ಯೂಬಿನಿಂದ ದಾರಕ್ಕೆ ಎರಡೂ ಕಡೆ ಅಳತೆ. ನನ್ನದರಲ್ಲಿ ಬಲಗಡೆ 4 ಮಿ.ಮೀ. ಕಡಿಮೆ ಬಗ್ಗಿತ್ತು, ಉದ್ದ ಮರದ ತುಂಡು ಸಿಕ್ಕಿಸಿ ಮೀಟಿ ಸರಿ ಮಾಡಿದೆ.

ಆಕ್ಸಲ್ ತಿರುಗದಂತೆ ಫ್ರೇಮಿಗೆ ಹಿಡಿದಿಡೋ ಟಾರ್ಕ್ ಆರ್ಮ್ ಬಗ್ಗೆ ಯಾರೂ ಅಸಡ್ಡೆ ಮಾಡಬೇಡಿ. 40 ನ್ಯೂಟನ್-ಮೀಟರ್ ತಿರುಚು 10 ಮಿ.ಮೀ. ಚಪ್ಪಟೆ ಆಕ್ಸಲ್ ಮೇಲೆ ಬಿದ್ದರೆ ಅಂಚಿಗೆ ಸುಮಾರು 400 ಕೆ.ಜಿ. ತೂಗಿದ ಹಾಗೆ. ಕಿಟ್ಟಿನಲ್ಲಿ ಬಂದ ತಗಡು ಎರಡೇ ವಾರಕ್ಕೆ ಅಗಲವಾಗಿ, ಆಕ್ಸಲ್ ತಿರುಗಿ, ಒಳಗೆ ಹೋಗೋ ವೈರನ್ನ ಹಗ್ಗ ಹೊಸೆದ ಹಾಗೆ ಹೊಸೆದು ಹಾಕ್ತು. ಈಗಿರೋದು 6 ಎಂ.ಎಂ. ದಪ್ಪದ ಎಂ.ಎಸ್. (ಮೆದು ಉಕ್ಕಿನ) ಪ್ಲೇಟ್. ಆಕ್ಸಲ್ ತೂರೋಕೆ ಸಾಲಾಗಿ ಮೂರು ತೂತು ಕೊರೆದು ಮಧ್ಯದ ಗೋಡೆ ಒಡೆದು, ಉಳಿದದ್ದು ಕೈಅರದಲ್ಲಿ. ಆಕ್ಸಲ್ ಸಲೀಸಾಗಿ ಹೋದರೆ ಆ ಪ್ಲೇಟು ಗುಜರಿಗೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಮಾತ್ರ ಕೂರಬೇಕು. ಇನ್ನೊಂದು ತುದಿ ಚೈನ್‌ಸ್ಟೇಗೆ, ಅಂದರೆ ಪೆಡಲ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಬರೋ ಫ್ರೇಮಿನ ಕೊಳವೆಗೆ, ಎರಡು ಹೋಸ್ ಕ್ಲಿಪ್. ಎರಡೂ ಬದಿಗೆ ಹಾಕಿದ್ದೇನೆ, ವೆಲ್ಡಿಂಗ್ ಅಂಗಡಿಯಲ್ಲಿ ಪ್ಲೇಟ್ ಕತ್ತರಿಸಿದ್ದಕ್ಕೆ ಒಟ್ಟು ನಾನೂರು ಹತ್ತಿರ ಆಯ್ತು.

ಚಕ್ರದ ಕಡ್ಡಿ ಕಥೆ ಚಿಕ್ಕದು. ದಪ್ಪ ಕಡ್ಡಿ ಗಟ್ಟಿ ಅಂತ ಕಿಟ್ಟಿನವರು 12 ಗೇಜ್ ಕೊಡ್ತಾರೆ. ಹಬ್ ದೊಡ್ಡದು, ಕಡ್ಡಿ ಗಿಡ್ಡ, ರಿಮ್ಮಿಗೆ ಓರೆಯಾಗಿ ಹೋಗುತ್ತೆ. ದಪ್ಪ ಕಡ್ಡಿ ಬಗ್ಗಲ್ಲ, ನಿಪ್ಪಲ್ ಬುಡದಲ್ಲೇ ಕಟ್. ಕುಶಾಲನಗರ ದಾಟಿದ ಮೇಲೆ ಬರೋ ಆನೆಕಾಡಿನ ರಸ್ತೆ ಹೊಂಡಗಳಲ್ಲಿ ನನ್ನದು ತಿಂಗಳಿಗೆ ಎರಡು ಮುರೀತಿತ್ತು. ಅದಕ್ಕಿಂತ ತೆಳುವಾದ 13 ಗೇಜ್, ಒಂದೇ ಕ್ರಾಸ್ (ಕಡ್ಡಿ ಇನ್ನೊಂದನ್ನ ಒಂದೇ ಸಲ ಹಾಯೋ ಹಾಗೆ), ಡಬಲ್ ವಾಲ್ ರಿಮ್ ಹಾಕಿ ಚಕ್ರದ ಔಟ್ (ಓಲಾಟ) ತೆಗೆಸಿದ ಮೇಲೆ ಒಂದೂ ಹೋಗಿಲ್ಲ.

ಬ್ಯಾಟರಿಗೆ ಕಳಕೊಂಡ ದುಡ್ಡು ಹೆಚ್ಚು. ಅಗ್ಗ ಅಂತ 12 ವೋಲ್ಟಿನ 12 ಆಂಪಿಯರ್-ಅವರ್ ಸೀಸದ ಬ್ಯಾಟರಿ ಮೂರು ಕಟ್ಟಿದೆ. ಹನ್ನೆರಡು ಕೆ.ಜಿ. ಕ್ಯಾರಿಯರ್ ಮೇಲೆ! ಏರಿನ ಕರೆಂಟಿಗೆ ಅದರಿಂದ ಬರೋದು ಏಳೋ ಎಂಟೋ ಆಂಪಿಯರ್-ಅವರ್. ಒಂದು ಮಳೆಗಾಲ ಅರ್ಧ ಚಾರ್ಜಿನಲ್ಲಿ ನಿಂತು ಸಲ್ಫೇಟ್ ಹಿಡಿದು ಸತ್ತವು. ಈಗ 18650 ಅನ್ನೋ ಲಿಥಿಯಂ ಸೆಲ್ಲಿನ 10 ಸೀರೀಸ್ 4 ಪ್ಯಾರಲಲ್ ಪ್ಯಾಕ್ (ನಾಲ್ಕು ನಾಲ್ಕು ಸೆಲ್ಲಿನ ಹತ್ತು ಸಾಲು), 10 ಆಂಪಿಯರ್-ಅವರ್, ಸೆಲ್ಲುಗಳನ್ನ ಕಾಯೋ ಬಿಎಂಎಸ್ ಬೋರ್ಡು ಸೇರಿ ಎರಡೂವರೆ ಕೆ.ಜಿ. ಕುಶಾಲನಗರದಿಂದ ಮಡಿಕೇರಿಗೆ 300 ಮೀಟರ್ ಏರು, ಆರು ಆಂಪಿಯರ್-ಅವರ್ ಹತ್ತಿರ ಖರ್ಚು. ವಾಪಸ್ ಬರೋಕೆ ಉಳಿದದ್ದು ಧಾರಾಳ. ಚಾರ್ಜರ್ 42 ವೋಲ್ಟ್ 2 ಆಂಪಿಯರ್, ಎಳೆಯೋದು ನೂರು ವ್ಯಾಟ್. ಜುಲೈಯಲ್ಲಿ ಕರೆಂಟ್ ಇಲ್ಲದ ದಿನಗಳಲ್ಲಿ ಮನೆಯ ಇನ್ವರ್ಟರಿನಲ್ಲೇ ಹಾಕ್ತೇನೆ. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ಟೂ ಬೇಡ. ಅಗ್ಗಕ್ಕೆ ಸಿಗೋ, ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲಿಗೆ ಕೈ ಹಾಕಬೇಡಿ: ಒಂದು ಸಾಲು ಬೇಗ ಇಳಿದರೆ ಬಿಎಂಎಸ್ ನಡು ಏರಲ್ಲಿ ಕೈ ಎತ್ತುತ್ತೆ.

ಇನ್ನು ನೀರು. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ; ಬಯಲುಸೀಮೆಯಲ್ಲಿ ಕೂತು ‘ವಾಟರ್‌ಪ್ರೂಫ್’ ಅಂತ ಬರೆದ ಚೀಟಿ ಇಲ್ಲಿ ಲೆಕ್ಕಕ್ಕಿಲ್ಲ. ಮೊದಲ ಜೂನಿನಲ್ಲಿ ಮೂರು ಸಲ ನಿಂತಿತು. ಮೊದಲನೇದು, ಮೋಟಾರು ಎಲ್ಲಿ ತಿರುಗಿದೆ ಅಂತ ಕಂಟ್ರೋಲರಿಗೆ ಹೇಳೋ ಹಾಲ್ ಸೆನ್ಸರಿನ ಪ್ಲಗ್ಗು, ಪಿನ್ನು ಹಸಿರುಗಟ್ಟಿ ಮೋಟಾರು ಜಗ್ಗಿ ಜಗ್ಗಿ ನಿಂತಿತು. ಎರಡನೇದು ಥ್ರಾಟಲ್ (ಹ್ಯಾಂಡಲ್ಲಿನ ಆಕ್ಸಿಲರೇಟರ್): ಒಳಗೆ ನೀರು ಕೂತು, ಕೈ ಬಿಟ್ಟರೂ ಮೋಟಾರು ಓಡ್ತಾನೇ ಇತ್ತು. ಬ್ರೇಕ್ ಹಿಡಿದರೆ ಕರೆಂಟ್ ಕಡಿಯೋ ಲಿವರ್ ಹಾಕದೆ ಯಾರೂ ರಸ್ತೆಗೆ ಇಳೀಬೇಡಿ. ಮೂರನೇದು ನನ್ನದೇ ದಡ್ಡತನ. ಕಂಟ್ರೋಲರ್ ಪೆಟ್ಟಿಗೆಯ ಬಾಯಿಗೆ ಕಿಟಕಿ ಗಾಜಿಗೆ ಹಚ್ಚೋ ಸಿಲಿಕೋನ್ ತುಂಬಿದ್ದೆ. ವಿನೆಗರ್ ವಾಸನೆ ಬರೋ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತೆ, ತಾಮ್ರ ತಿನ್ನುತ್ತೆ. ಎರಡು ತಿಂಗಳಿಗೆ ಸೋಲ್ಡರ್ ಬುಡ ಕಪ್ಪಾಗಿತ್ತು. ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದನ್ನೇ ಕೇಳಿ ತನ್ನಿ.

ಈಗ ಹೇಗಿದೆ ಅಂದರೆ, ಕಂಟ್ರೋಲರ್ ಸೀಟಿನ ಕೆಳಗೆ, ವೈರು ಹೊರಬರೋ ಬಾಯಿ ನೆಲದ ಕಡೆಗೆ. ಪ್ರತಿ ವೈರೂ ಒಳಗೆ ಹೋಗೋ ಮುಂಚೆ ಒಂದು ಬಳುಕು ಕೆಳಗಿಳಿದು ಮೇಲೆ ಹೋಗುತ್ತೆ, ನೀರು ಆ ಬಳುಕಿನಲ್ಲಿ ತೊಟ್ಟಿಕ್ಕಿ ಬೀಳುತ್ತೆ. ಆಕ್ಸಲಿನ ವೈರು ಕಡ್ಡಾಯವಾಗಿ ಕೆಳಮುಖ; ಮೇಲ್ಮುಖ ಇಟ್ಟರೆ ಮಳೆ ನೇರ ಮೋಟಾರಿನ ಹೊಟ್ಟೆಗೆ. ಪ್ಲಗ್ಗುಗಳ ಒಳಗೆ ತುಂಬೋದಕ್ಕೆ ಒಂದು ಮಿಶ್ರಣ ಮಾಡಿಕೊಂಡಿದ್ದೇನೆ. ಅಲ್ಲಿಂದೀಚೆಗೆ ಪಿನ್ನು ಹೊಸದರ ಹಾಗೇ ಇದೆ. ಅದೇನು ಅಂತ ಈಗ ಬರೆಯಲ್ಲ, ಸೈಕಲ್ ತಗೊಂಡು ಮನೆಗೆ ಬಂದವರಿಗೆ ತೋರಿಸ್ತೇನೆ.

ಕಂಟ್ರೋಲರ್ ಒಳಗೆ ಕರೆಂಟ್ ಅಳೆಯೋ ಶಂಟ್ ತಂತಿಯ ಮೇಲೆ ಸೋಲ್ಡರ್ ಸುರಿದು ಕರೆಂಟ್ ಏರಿಸೋ ಹುಚ್ಚು ನನಗೂ ಬಂದಿತ್ತು. 15 ಆಂಪಿಯರಿನ ಕಂಟ್ರೋಲರ್ 22 ತೋರಿಸ್ತು. ಮೂರನೇ ದಿನ ತೋಟದ ಕಡಿದಾದ ದಾರಿಯಲ್ಲಿ ನಿಂತಲ್ಲಿಂದ ಹೊರಡಿಸಿದೆ, ಕರ್ರ್ ಅಂತ ಸದ್ದು. ಹಬ್ ಬಿಚ್ಚಿದರೆ ಮೂರು ನೈಲಾನ್ ಗೇರಿನಲ್ಲಿ ಎರಡರ ಹಲ್ಲು ಬೋಳು, ಗ್ರೀಸಿನಲ್ಲಿ ಬಿಳಿ ಪುಡಿ. ಅದೇ ವಾರ ಕಂಟ್ರೋಲರ್ ಒಳಗೆ ಕರೆಂಟ್ ಬಿಟ್ಟು ಕಡಿಯೋ ಮಾಸ್‌ಫೆಟ್ಟೂ ಹೋಯ್ತು. ಗೇರು ಒಂಬೈನೂರು, ಕಂಟ್ರೋಲರ್ ಸಾವಿರದ ಆರುನೂರು. ನಿಂತಲ್ಲಿಂದ ಹೊರಡುವಾಗ ಎರಡು ಸುತ್ತು ಕಾಲಲ್ಲೇ ತುಳಿದು ಆಮೇಲೆ ಥ್ರಾಟಲ್ ಕೊಟ್ಟರೆ ಗೇರು ಬಾಳುತ್ತೆ. ಅರ್ಧ ಚೀಲ ಕಾಫಿ, ಅಂದರೆ 25 ಕೆ.ಜಿ., ಕ್ಯಾರಿಯರಿನಲ್ಲಿ ಹೀಗೇ ಒಯ್ದಿದ್ದೇನೆ. ಪೂರ್ತಿ 50 ಕೆ.ಜಿ. ಚೀಲ ಹಾಕಿದಾಗ ಮೋಟಾರು ಎಳೀತು, ಮುಂದಿನ ಚಕ್ರ ಮಾತ್ರ ನೆಲ ಬಿಟ್ಟು ಕುಣೀತು. ಅದನ್ನ ಅಲ್ಲಿಗೇ ಬಿಟ್ಟೆ.

ಇನ್ನೊಂದು ಪ್ರಯೋಗ ಮಡಿಕೇರಿಯಿಂದ ಸುಳ್ಯದ ಕಡೆ ಇಳಿಯೋ ಸಂಪಾಜೆ ಘಾಟಿದು. ಗೇರಿಲ್ಲದ ಡೈರೆಕ್ಟ್ ಡ್ರೈವ್ ಮೋಟಾರು ಒಬ್ಬರಿಂದ ಎರವಲು ತಂದೆ, ಇಳಿಯುವಾಗ ಬ್ಯಾಟರಿ ತುಂಬುತ್ತೆ ಅನ್ನೋ ಆಸೆಗೆ. ಬೆಳಿಗ್ಗೆ ಫುಲ್ ಚಾರ್ಜ್ ಮಾಡಿ ಮಡಿಕೇರಿಯಿಂದ ಹೊರಟದ್ದೇ ತಪ್ಪಾಯ್ತು. ತುಂಬಿದ ಬ್ಯಾಟರಿಗೆ ಮತ್ತೆ ತುಂಬೋಕೆ ಹೋದರೆ ಬಿಎಂಎಸ್ ಬಾಗಿಲು ಹಾಕುತ್ತೆ. ಮದೆನಾಡು ಬರೋ ಮೊದಲೇ, ಬ್ರೇಕಿನ ಹಾಗೆ ತಡೀತಿದ್ದ ಮೋಟಾರಿನ ಹಿಡಿತ ತಟ್ಟನೆ ಮಾಯ. ಎರಡನೇ ಸಲ 70 ಶೇಕಡಾದಲ್ಲಿ ಹೊರಟೆ. ಕೆಳಗೆ ಮುಟ್ಟಿದಾಗ ಮೀಟರಿನಲ್ಲಿ ವಾಪಸ್ ಬಂದದ್ದು 40 ವ್ಯಾಟ್-ಅವರ್ ಅಂತ ನೆನಪು, ಅಷ್ಟೇನೂ ಇಲ್ಲ. ಆದರೆ ಬ್ರೇಕ್ ಶೂ ಸವೆಯಲಿಲ್ಲ, ಲಾಭ ಅಲ್ಲಿದೆ. ಮೇಲೆ ಬರುವಾಗ ಅದೇ ಮೋಟಾರು ಜೋಡುಪಾಲದ ಹತ್ತಿರ ಇಸ್ತ್ರಿ ಪೆಟ್ಟಿಗೆ ಆಯ್ತು, ನೆರಳಲ್ಲಿ ಅರ್ಧ ಗಂಟೆ ನಿಲ್ಲಿಸಬೇಕಾಯ್ತು. ನನ್ನ ಗೇರಿನ ಹಬ್ಬು ಅದೇ ಘಾಟಿ ಎರಡೂವರೆ ಗಂಟೆಯಲ್ಲಿ ಹತ್ತಿದೆ. ಮಡಿಕೇರಿ ಮುಟ್ಟಿದಾಗ ಬ್ಯಾಟರಿಯಲ್ಲಿ ಉಳಿದದ್ದು ಒಂದು ಗೆರೆ. ಇಳಿಯುವಾಗ ಗೇರಿನ ಹಬ್ಬಿನಲ್ಲಿ ಮೋಟಾರಿನ ಹಿಡಿತ ಇಲ್ಲ. ಮಳೆಗಾಲದಲ್ಲಿ ಬ್ರೇಕ್ ಶೂ ನನಗೆ ಆರು ವಾರಕ್ಕೊಂದು ಜೊತೆ ಬೇಕು.

ಆನೆಕಾಡಿನಲ್ಲಿ ಹೋಗುವವರಿಗೆ: ಈ ಸೈಕಲ್ಲಿಗೆ ಸದ್ದಿಲ್ಲ, ಆನೆಗೂ ಗೊತ್ತಾಗಲ್ಲ. ಸಂಜೆ ಐದೂವರೆ ಮೇಲೆ ನಾನು ಆ ದಾರಿಗಿಲ್ಲ.

ದುಡ್ಡು ಕೇಳೋರಿಗೆ ನೆನಪಿದ್ದಷ್ಟು. ಮೋಟಾರು, ಕಂಟ್ರೋಲರ್, ಥ್ರಾಟಲ್, ಪೆಡಲ್ ಸೆನ್ಸರ್, ಲಿವರ್ ಸೇರಿದ ಕಿಟ್ ಒಂಬತ್ತೂವರೆ ಸಾವಿರ, ಬ್ಯಾಟರಿ ಹದಿನೈದು, ರಿಮ್ಮು ಕಡ್ಡಿ ಕಟ್ಟಿದ್ದು ಸೇರಿ ಸಾವಿರದ ಎಂಟುನೂರು, ಫ್ರೀವೀಲ್, ಡಿರೇಲರ್, ಚೈನ್‌ಸೆಟ್, ಚೈನು ಮೂರು ಸಾವಿರದ ಚಿಲ್ಲರೆ, ಬ್ರೇಕು, ಮೀಟರ್, ಟಾರ್ಕ್ ಆರ್ಮ್, ಸಣ್ಣಪುಟ್ಟದ್ದು ಇನ್ನೊಂದು ಮೂರು. ಒಟ್ಟು ಮೂವತ್ತೆರಡು ಮೂವತ್ಮೂರು ಸಾವಿರ. ಸೀಸದ ಬ್ಯಾಟರಿ, ಅರ್ಧ ಬೆಲೆಗೆ ಮಾರಿದ 328ರ ಮೋಟಾರು, ಸುಟ್ಟ ಕಂಟ್ರೋಲರ್ ಅಂತ ಹಾಳು ಮಾಡಿದ್ದು ಬೇರೆ ಹನ್ನೆರಡು ಹದಿಮೂರು; ಇದನ್ನ ಓದಿದವರಿಗೆ ಅದು ಉಳೀತು ಅಂದ್ಕೊಳ್ಳಿ.

ತುಳಿಯೋದನ್ನ ಗುರುತಿಸಿ ಮೋಟಾರು ಓಡಿಸೋ ಪೆಡಲ್ ಸೆನ್ಸರ್ ಬಗ್ಗೆ ಒಂದು ಬಿಟ್ಟುಹೋಯ್ತು. 12 ಅಯಸ್ಕಾಂತದ ಬಿಲ್ಲೆ ಎಡಗಡೆ ಕ್ರ್ಯಾಂಕ್ ಬುಡಕ್ಕೆ ಬರುತ್ತೆ, ಸೆನ್ಸರಿಗೂ ಅದಕ್ಕೂ 2-3 ಮಿ.ಮೀ. ಅಂತರ. ಕಾಟರ್ ಪಿನ್ನು ಬಡಿದು ಕೂರಿಸಿದ ಹಳೇ ಕ್ರ್ಯಾಂಕ್ ಆದರೆ ಎರಡು ಹೋಳಾಗಿ ಬಿಚ್ಚೋ ಬಿಲ್ಲೆ ಕೇಳಿ, ಇಲ್ಲಾಂದ್ರೆ ಪಿನ್ನು ಬಡಿಯೋದರಲ್ಲೇ ಒಂದು ದಿನ ಹೋಗುತ್ತೆ. ಕೆಸರು ಮೆತ್ತಿದರೆ ಪರವಾಗಿಲ್ಲ, ಕಬ್ಬಿಣದ ಪುಡಿ ಅಂಟಿದರೆ ಮೋಟಾರು ಬಿಟ್ಟು ಬಿಟ್ಟು ಎಳೆಯುತ್ತೆ. ವೆಲ್ಡಿಂಗ್ ಅಂಗಡಿಯಿಂದ ಬಂದ ದಿನ ನನಗೆ ಆದದ್ದು ಅದೇ, ಸೆಲ್ಲೋಟೇಪ್ ಒತ್ತಿ ಕಿತ್ತೆ, ಪುಡಿ ಎಲ್ಲ ಟೇಪಿನಲ್ಲೇ ಬಂತು.