ಕೋರ್ಸ್ ತಂತ್ರಾಂಶಕ್ಕೆ ಡ್ರ್ಯಾಗ್ ಅಂಡ್ ಡ್ರಾಪ್ ಲೈಬ್ರರಿ ಆರಿಸುವವರಿಗೆ ಒಂದು ಸಲಹೆ

ಆನ್‌ಲೈನ್ ಕೋರ್ಸ್‌ನಲ್ಲಿ ಪಾಠಗಳ ಕ್ರಮ ಬದಲಿಸಲು ಅಥವಾ ‘ಹೊಂದಿಸಿ ಬರೆಯಿರಿ’ ಮಾದರಿಯ ಪ್ರಶ್ನೆಗಳಿಗೆ ಡ್ರ್ಯಾಗ್ ಅಂಡ್ ಡ್ರಾಪ್ (ಪರದೆಯ ಮೇಲಿನ ವಸ್ತುವನ್ನು ಎಳೆದು ಬೇರೆಡೆ ಬಿಡುವ ಸೌಲಭ್ಯ) ಸೇರಿಸುವವರು, ಅದಕ್ಕೆ ಬಳಸುವ ಲೈಬ್ರರಿಯ (ಸಿದ್ಧ ಕೋಡ್ ಸಂಗ್ರಹದ) ಡೆಮೊ ಎಷ್ಟು ಚೆಂದವಾಗಿದೆ ಎಂದು ನೋಡುವ ಮೊದಲು ಅದನ್ನು ಕೀಬೋರ್ಡಿನಿಂದಷ್ಟೇ ಬಳಸಿ ಪರೀಕ್ಷಿಸಬೇಕು ಎಂಬುದು ನನ್ನ ಸಲಹೆ. ಮೌಸ್ ಹಿಡಿಯಲಾಗದ ಅಥವಾ ಪರದೆ ಕಾಣದ ವಿದ್ಯಾರ್ಥಿಯು ಉತ್ತರ ಗೊತ್ತಿದ್ದೂ ಅಂಕ ಕಳೆದುಕೊಳ್ಳುವುದು ನಿಜಕ್ಕೂ ಅನ್ಯಾಯ. 2023ರ ಅಕ್ಟೋಬರಿನಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಪ್ರಕಟಿಸಿದ, ಅಂಗವಿಕಲರಿಗೂ ಜಾಲತಾಣಗಳನ್ನು ಬಳಸಲು ಆಗಬೇಕೆನ್ನುವ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿಯ 2.5.7ನೇ ನಿಯಮವೂ, ಎಳೆಯುವುದು ಅನಿವಾರ್ಯವಲ್ಲದ ಕಡೆಯಲ್ಲೆಲ್ಲ, ಎಳೆಯದೆಯೇ ಅದೇ ಕೆಲಸ ಮುಗಿಸುವ ದಾರಿ ಇರಬೇಕೆನ್ನುತ್ತದೆ. ಆದ್ದರಿಂದ ಯಾವ ಲೈಬ್ರರಿ ಆರಿಸಿದರೂ ಪ್ರತಿ ಪಾಠದ ಪಕ್ಕದಲ್ಲಿ ‘ಮೇಲೆ’, ‘ಕೆಳಗೆ’ ಎಂಬ ಗುಂಡಿಗಳನ್ನು ಇಡಿ.

ಬ್ರೌಸರಿನ ಸ್ವಂತ ಡ್ರ್ಯಾಗ್ ಅಂಡ್ ಡ್ರಾಪ್ ಎಪಿಐ (ಕೋಡ್‌ನಿಂದ ಬಳಸಿಕೊಳ್ಳಬಹುದಾದ ಒಳಗಿನ ಸೌಲಭ್ಯ) ಸ್ಪರ್ಶಪರದೆಗಳಲ್ಲಿ ಎಲ್ಲ ಕಡೆಯೂ ಒಂದೇ ರೀತಿ ನಡೆಯುವುದಿಲ್ಲ. ಬಹಳಷ್ಟು ವಿದ್ಯಾರ್ಥಿಗಳು ಮೊಬೈಲಿನಲ್ಲೇ ಕಲಿಯುವುದರಿಂದ ಇದು ಸಣ್ಣ ಮಾತಲ್ಲ. ಪಟ್ಟಿಯ ಕ್ರಮ ಬದಲಿಸುವುದಷ್ಟೇ ಬೇಕಿದ್ದರೆ ಸಾರ್ಟಬಲ್ ಜೆಎಸ್ ಎಂಬ ಲೈಬ್ರರಿ ಸಾಕು: ಅದಕ್ಕೆ ರಿಯಾಕ್ಟ್‌ನಂಥ ಯಾವ ಫ್ರೇಮ್‌ವರ್ಕೂ (ವೆಬ್ ಪುಟ ಕಟ್ಟುವ ಸಿದ್ಧ ಚೌಕಟ್ಟು) ಬೇಡ, ಸ್ಪರ್ಶಕ್ಕೂ ಅದು ಸ್ಪಂದಿಸುತ್ತದೆ, ಆದರೆ ಕೀಬೋರ್ಡ್ ವ್ಯವಸ್ಥೆಯನ್ನು ನೀವೇ ಬರೆಯಬೇಕು. ರಿಯಾಕ್ಟ್ ಬಳಸುವವರು ಡಿಎನ್‌ಡಿ ಕಿಟ್ ಎಂಬ ಲೈಬ್ರರಿ ನೋಡಬಹುದು. ಕೀಬೋರ್ಡ್ ಸೆನ್ಸರ್ (ಕೀಲಿಗಳಿಂದಲೇ ವಸ್ತುಗಳನ್ನು ಸರಿಸುವ ವ್ಯವಸ್ಥೆ) ಅದರಲ್ಲೇ ಇದೆ, ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶ) ಓದುವ ವಾಕ್ಯಗಳನ್ನು ಕೋರ್ಸಿನ ಭಾಷೆಯಲ್ಲೇ ಕೊಡಲೂ ಅವಕಾಶವಿದೆ.

ಹಳೆಯ ಟ್ಯುಟೋರಿಯಲ್‌ಗಳಲ್ಲಿ ಪದೇ ಪದೇ ಕಾಣುವ ರಿಯಾಕ್ಟ್ ಬ್ಯೂಟಿಫುಲ್ ಡಿಎನ್‌ಡಿಯನ್ನು ಮಾತ್ರ ಹೊಸ ಕೆಲಸಕ್ಕೆ ತೆಗೆದುಕೊಳ್ಳಬೇಡಿ. ಅದನ್ನು ರೂಪಿಸಿದ ಅಟ್ಲಾಸಿಯನ್ ಕಂಪನಿಯೇ ಅದರ ಅಭಿವೃದ್ಧಿಯನ್ನು ನಿಲ್ಲಿಸಿ, ಪ್ರಾಗ್ಮ್ಯಾಟಿಕ್ ಡ್ರ್ಯಾಗ್ ಅಂಡ್ ಡ್ರಾಪ್ ಎಂಬ ಬೇರೆ ಲೈಬ್ರರಿಯನ್ನು ಹೊರತಂದಿದೆ. ಕೋರ್ಸ್ ತಂತ್ರಾಂಶವು ವರ್ಷಗಟ್ಟಲೆ ಬಳಕೆಯಲ್ಲಿರುವಂಥದ್ದು, ಹಾಗಾಗಿ ಲೈಬ್ರರಿಯ ಕೊನೆಯ ಬಿಡುಗಡೆ ಯಾವಾಗ ಆಯಿತು, ವರದಿಯಾದ ದೋಷಗಳಿಗೆ ಯಾರಾದರೂ ಉತ್ತರಿಸುತ್ತಿದ್ದಾರೆಯೇ ಎಂಬುದನ್ನು ಅಳವಡಿಸುವ ಮುನ್ನವೇ ಪರಿಶೀಲಿಸಿ.