ಹಳೆಯ ಹಾಯಿ ಡಿಂಗಿಯ ಜಾತಕ ಹುಡುಕುವ ಬಗೆ

ಬ್ರಿಟನ್ನಿನಲ್ಲಿ ಹಳೆಯ ಪ್ಲೈವುಡ್ ಡಿಂಗಿಯೊಂದು (ಪುಟ್ಟ ತೆರೆದ ಹಾಯಿದೋಣಿ) ಕೈಗೆ ಬಂದು, ಅದು ಯಾವುದೆಂದು ತಿಳಿಯಬೇಕಿದ್ದರೆ ಮೊದಲು ಟೇಪು ಹಿಡಿಯಿರಿ, ಅಂತರ್ಜಾಲ ಆಮೇಲೆ. ಮೂತಿಯಿಂದ ಹಿಂಬದಿಯ ಹಲಗೆಯವರೆಗೆ ನೇರವಾಗಿ ಅಳೆಯಿರಿ. ಚುಕ್ಕಾಣಿಯನ್ನು ಸೇರಿಸಿದರೆ, ಅಥವಾ ಟೇಪು ಅಂಚಿನ ಬಾಗನ್ನು ಹಿಡಿದು ಹೋದರೆ, ಲೆಕ್ಕ ಕೆಟ್ಟು ಬೇರೆಯೇ ವರ್ಗ (ಒಂದೇ ವಿನ್ಯಾಸದ ದೋಣಿಗಳ ಗುಂಪು) ಸಿಗುತ್ತದೆ. 14 ಅಡಿ ಬಂದರೆ ಜಿಪಿ14 ಎಂಬ ವರ್ಗ ಇರಬಹುದು, 13 ಅಡಿ 3 ಇಂಚು ಎಂದರೆ ಎಂಟರ್‌ಪ್ರೈಸ್. ಎರಡೂ ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ರೂಪಿಸಿದವುಗಳೇ.

11 ಅಡಿಯ ಆಸುಪಾಸಿನಲ್ಲಿ ಮಿರರ್ ಮತ್ತು ಹೆರಾನ್ ವರ್ಗಗಳು ಗೊಂದಲ ಹುಟ್ಟಿಸುತ್ತವೆ, ಏಕೆಂದರೆ ಎರಡರ ಹಾಯಿ ಕಟ್ಟುವ ಕ್ರಮವೂ ಹೆಚ್ಚುಕಡಿಮೆ ಒಂದೇ. ಮೂತಿ ನೋಡಿದರೆ ಸಾಕು: ಮಿರರ್‌ನದು ಮೊಂಡು, ಹೆರಾನ್‌ನದು ಚೂಪು. ಮಿರರ್‌ನ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಕೂಡುಗಳಿಗೆ ಗ್ಲಾಸ್‌ಫೈಬರ್ ಪಟ್ಟಿ ಅಂಟಿಸಿರುತ್ತಾರೆ. ಒಳಮೂಲೆಯ ಬಣ್ಣ ತುಸು ಕೆರೆದರೆ ಆ ಪಟ್ಟಿ ಕಾಣುತ್ತದೆ.

ಹಾಯಿಯ ಚಿಹ್ನೆ ವರ್ಗ ಹೇಳುತ್ತದೆ. ಜಿಪಿ14ಕ್ಕೆ ಗಂಟೆ, ಎಂಟರ್‌ಪ್ರೈಸ್‌ಗೆ ನೀಲಿ ಹಾಯಿಯ ಮೇಲೆ 'ಇ' ಅಕ್ಷರ. ಆದರೆ ಹಾಯಿಯ ಸಂಖ್ಯೆಯನ್ನು ನಂಬಬೇಡಿ. ಹಾಯಿಗಳು ದೋಣಿಯಿಂದ ದೋಣಿಗೆ ಮಾರಾಟವಾಗುತ್ತಲೇ ಇರುತ್ತವೆ. ಮರದಲ್ಲಿ ಕೊರೆದ ಸಂಖ್ಯೆಯೇ ಹೆಚ್ಚು ಗಟ್ಟಿ ಸಾಕ್ಷಿ: ಹಿಂಬದಿ ಹಲಗೆಯ ಒಳಮೈ, ನಡುಹಲಗೆಯ (ನೀರಿಗಿಳಿಸುವ ತಳದ ಹಲಗೆ) ಪೆಟ್ಟಿಗೆ, ತಳದ ದಿಮ್ಮಿ ನೋಡಿ. ಬಣ್ಣ ತುಂಬಿಕೊಂಡಿದ್ದರೆ ಟಾರ್ಚನ್ನು ಅಡ್ಡ ಹಿಡಿಯಿರಿ, ನೆರಳಿನಲ್ಲಿ ಅಂಕಿ ಎದ್ದು ಬರುತ್ತದೆ.

ಆ ಸಂಖ್ಯೆಯೊಂದಿಗೆ ವರ್ಗದ ಸಂಘಕ್ಕೆ ಬರೆದು, ಅಳತೆ ಪ್ರಮಾಣಪತ್ರದ (ದೋಣಿ ವರ್ಗದ ನಿಯಮದಂತಿದೆ ಎಂದು ಅಳೆದು ಕೊಡುವ ಪತ್ರ) ದಾಖಲೆ ಇದೆಯೇ ಎಂದು ಕೇಳಿ. ವರ್ಗ ಅಳಿದುಹೋಗಿದ್ದರೆ ಫಾಲ್ಮತ್‌ನ ನ್ಯಾಷನಲ್ ಮಾರಿಟೈಮ್ ಮ್ಯೂಸಿಯಂ ಕಾರ್ನ್‌ವಾಲ್ ಸರಿಯಾದ ಬಾಗಿಲು. ಪತ್ರದ ಜೊತೆ ಮೂತಿ, ಹಿಂಬದಿ, ಒಳಭಾಗದ ಫೋಟೋಗಳೂ ಉದ್ದ-ಅಗಲವೂ ಇರಲಿ.